ಆಯಾ ಕೊಟ್ಟ ಹತ್ತು ನಿಮಿಷ

ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್. ತರಬೇತಿಯ ಎರಡನೇ ವರ್ಷ. ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಐದು ವಾರಗಳಿಂದ ನನ್ನ ಬಳಿ ಬರುತ್ತಿದ್ದ ಹುಡುಗನೊಬ್ಬ ತೀರಿಕೊಂಡ ಸುದ್ದಿ ಬಂತು. ಆತ್ಮಹತ್ಯೆ. ಇಪ್ಪತ್ತೊಂದು ವರ್ಷ. ಹಿಂದಿನ ವಾರ ಹೊರಡುವಾಗ ಬಾಗಿಲ ಬಳಿ ನಿಂತು, “ಮುಂದಿನ ವಾರಾನೂ ಇದೇ ಟೈಮಾ ಮೇಡಂ?” ಎಂದು ಕೇಳಿ ಹೋಗಿದ್ದ. ವಿಭಾಗಕ್ಕೆ ಫೋನ್ ಮಾಡಿದ್ದು ಅವನ ಸೋದರಮಾವ.

ನಾನು ಹೋಗಿ ಸೂಪರ್‌ವೈಸರ್‌ಗೆ ತಿಳಿಸಿದೆ. ಅವರು ಮೊದಲು ಕೇಳಿದ್ದು: “ಫೈಲಿನಲ್ಲಿ ರಿಸ್ಕ್ ಅಸೆಸ್‌ಮೆಂಟ್ ಬರೆದಿದ್ದೀರಾ?” ಬರೆದಿದ್ದೆ. ಪ್ರತಿ ಸೆಷನ್ನಿನ ನಂತರವೂ ಬರೆದಿದ್ದೆ. “ಸದ್ಯ, ಒಳ್ಳೇದಾಯ್ತು. ಫೈಲ್ ನನ್ನ ಟೇಬಲ್ ಮೇಲಿಡಿ. ಹೊರಗೆ ತುಂಬಾ ಜನ ಕಾಯ್ತಿದ್ದಾರೆ ನೋಡಿ” ಎಂದರು.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಲೇಖನವನ್ನು ಒಬ್ಬ ಕಟುಕ ಮೇಷ್ಟರ ಕತೆ ಎಂದು ಓದಿಕೊಂಡರೆ ಎಲ್ಲರಿಗೂ ಸಲೀಸು. ಮಧ್ಯಾಹ್ನದೊಳಗೆ ಮೇಲಿನವರು ಅವರನ್ನು ಕೇಳಲಿದ್ದ ಪ್ರಶ್ನೆಯನ್ನೇ ಅವರು ನನ್ನನ್ನು ಕೇಳಿದ್ದರು. ಇಪ್ಪತ್ತು ವರ್ಷಗಳ ಹಿಂದೆ ಅವರ ಮೊದಲ ರೋಗಿ ಹೀಗೆ ಹೋದಾಗ ಅವರನ್ನೂ ಯಾರೋ ಇದನ್ನೇ ಕೇಳಿರಬೇಕು.

ನಾನು ನನ್ನ ಕೋಣೆಗೆ ವಾಪಸ್ ಬಂದೆ. ಬಾಗಿಲಲ್ಲಿ ಚೀಟಿ ಜೋಡಿಸುತ್ತ ನಿಂತಿದ್ದ ಓಪಿಡಿಯ ಆಯಾ ನನ್ನ ಮುಖ ನೋಡಿ, “ಯಾಕ್ರೀ ಮೇಡಂ, ಮಾರಿ ಹಿಂಗ ಸಪ್ಪಗಾಗೈತಿ? ಹೋಗಿ ಮುಖ ತೊಳ್ಕೊಂಡು ಬರ್ರಿ. ಮುಂದಿನೋರ್ನ ನಾನು ಹತ್ತ್ ನಿಮಿಷ ಕೂಡಸ್ತೀನಿ” ಎಂದರು. ಏನಾಯಿತೆಂದು ಕೇಳಲಿಲ್ಲ. ನಾನು ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹತ್ತು ನಿಮಿಷದ ನಂತರ ಬಂದು, ನಿದ್ದೆ ಬರುತ್ತಿಲ್ಲ ಎಂದು ಬಂದಿದ್ದ ಒಬ್ಬ ಬ್ಯಾಂಕ್ ನೌಕರರ ಕೇಸ್ ಹಿಸ್ಟರಿ ಬರೆದುಕೊಂಡೆ.

ಅದೇ ವಾರದ ಶುಕ್ರವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಸೆಮಿನಾರ್ ಹಾಲಿನಲ್ಲಿ, ಮಾನಸಿಕ ಆರೋಗ್ಯ ವೃತ್ತಿಪರರಿಗಾಗಿ ‘ಸೆಲ್ಫ್ ಕೇರ್’ ಕಾರ್ಯಾಗಾರ ಇತ್ತು. ತಿಂಗಳ ಹಿಂದೆಯೇ ನಿಗದಿಯಾಗಿದ್ದದ್ದು. ಎಂಟು ಗಂಟೆ ನಿದ್ದೆ ಮಾಡಿ. ಹವ್ಯಾಸ ಬೆಳೆಸಿಕೊಳ್ಳಿ. ಪ್ರಾಣಾಯಾಮ ಮಾಡಿ. ‘ಆಗಲ್ಲ’ ಎಂದು ಹೇಳಲು ಕಲಿಯಿರಿ. ವಿಮಾನದಲ್ಲಿ ಆಕ್ಸಿಜನ್ ಮಾಸ್ಕನ್ನು ಮೊದಲು ನೀವು ಹಾಕಿಕೊಳ್ಳಬೇಕು ಎಂಬ ಉದಾಹರಣೆಯೂ ಬಂತು. ನಮ್ಮ ಬ್ಯಾಚಿನ ಎಂಟು ಜನರಲ್ಲಿ ಅಲ್ಲಿಯವರೆಗೆ ವಿಮಾನ ಹತ್ತಿದ್ದವರು ಇಬ್ಬರು. ಕೊನೆಯ ಸ್ಲೈಡಿನಲ್ಲಿ, ಮೊದಲು ತನ್ನನ್ನು ತಾನು ನೋಡಿಕೊಳ್ಳಬೇಕು ಎಂಬ ಅರ್ಥದ, ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠವಿರುವ ಬಸವಣ್ಣನವರ ವಚನ. ಹಾಜರಾತಿಗೆ ಸಹಿ ಹಾಕಿಸಿಕೊಂಡರು. ಆ ಎರಡು ಗಂಟೆಯಲ್ಲಿ ಬರೆಯಬೇಕಿದ್ದ ಅಸೆಸ್‌ಮೆಂಟ್ ವರದಿಗಳನ್ನು ನಾವು ಅವತ್ತು ರಾತ್ರಿ ಒಂಬತ್ತರವರೆಗೆ ಕೂತು ಮುಗಿಸಿದೆವು.

ನನ್ನ ತಕರಾರು ಇಷ್ಟು: ಮನಶ್ಶಾಸ್ತ್ರಜ್ಞರು ತಮ್ಮ ಮನಸ್ಸನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ತರಬೇತಿ ಕಲಿಸುತ್ತಲೇ ಇರುತ್ತದೆ. ಆದರೆ ಅದನ್ನು ಶುಕ್ರವಾರದ ಸ್ಲೈಡುಗಳಲ್ಲಿ ಕಲಿಸುವುದಿಲ್ಲ. ಸುದ್ದಿ ಬಂದ ಆ ಬೆಳಿಗ್ಗೆಯಂಥ ಬೆಳಿಗ್ಗೆಗಳಲ್ಲಿ ಕಲಿಸುತ್ತದೆ. ಅಲ್ಲಿ ನಾವು ಕಲಿಯುವ ಪಾಠ ಒಂದೇ, ಬಚ್ಚಿಡುವುದು. ಹೀಗೆ ಬಚ್ಚಿಡಲು ಕಲಿಸಿದ ವ್ಯವಸ್ಥೆಯೇ, ಆಮೇಲೆ ಯಾರಾದರೂ ಕುಸಿದಾಗ, ‘ಸೆಲ್ಫ್ ಕೇರ್ ಮಾಡಿಕೊಳ್ಳಲಿಲ್ಲ’ ಎಂದು ಅವರ ಮೇಲೇ ತಪ್ಪು ಹೊರಿಸುತ್ತದೆ.

ಈ ತರಬೇತಿ ಹೇಗಿರುತ್ತದೆ ಎಂದು ಹೊರಗಿನ ಓದುಗರಿಗೆ ಸ್ವಲ್ಪ ಹೇಳಬೇಕು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. 1992ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಅದು. ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ, ಅದರ ಮಾನ್ಯತೆ ಇರುವ ಕಡೆ ಎರಡು ವರ್ಷ ಪೂರ್ಣಾವಧಿ ಎಂ.ಫಿಲ್. ಮಾಡುವುದು ಇದಕ್ಕೆ ಬಹುಕಾಲದ ಹೆದ್ದಾರಿ. ಹೆಸರಿಗೆ ವಿದ್ಯಾರ್ಥಿ, ದಿನವಿಡೀ ಆಸ್ಪತ್ರೆಯ ಕೆಲಸ. ಬೆಳಿಗ್ಗೆ ಓಪಿಡಿ, ವಾರ್ಡು, ರೌಂಡ್ಸ್. ಮಧ್ಯಾಹ್ನ ಥೆರಪಿ, ಪರೀಕ್ಷೆಗಳು, ಕೇಸ್ ಪ್ರೆಸೆಂಟೇಶನ್. ರಾತ್ರಿ ವರದಿ, ಪ್ರಬಂಧ. ಕೆಲವು ಸರ್ಕಾರಿ ಸಂಸ್ಥೆಗಳಲ್ಲಿ ಸ್ಟೈಪೆಂಡ್ ಇದೆ. ಅನೇಕ ಖಾಸಗಿ ಕಾಲೇಜುಗಳಲ್ಲಿ ನಾವೇ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಕೆಲಸ ಮಾಡುತ್ತೇವೆ.

ಪಠ್ಯಕ್ರಮದಲ್ಲಿ ಎಲ್ಲಕ್ಕೂ ಲೆಕ್ಕವಿದೆ. ಇಷ್ಟು ಕೇಸ್ ಹಿಸ್ಟರಿ, ಇಷ್ಟು ಮನೋಪರೀಕ್ಷೆ, ಇಷ್ಟು ಗಂಟೆ ಥೆರಪಿ. ಲಾಗ್‌ಬುಕ್ಕಿನಲ್ಲಿ ಎಲ್ಲದಕ್ಕೂ ಒಂದೊಂದು ಕಾಲಂ, ಪ್ರತಿ ಕಾಲಂಗೂ ಸಹಿ. ಟ್ರೈನಿ ತಾನೇ ಥೆರಪಿ ತೆಗೆದುಕೊಂಡ ಗಂಟೆಗಳಿಗೆ ಕಾಲಂ ಇಲ್ಲ. ರೋಗಿಯೊಬ್ಬ ಸತ್ತಾಗ ಟ್ರೈನಿಗೆ ಏನು ಮಾಡಬೇಕು ಎಂಬುದಕ್ಕೂ ಇಲ್ಲ. ಎಣಿಸದ್ದನ್ನು ಯಾರೂ ಕೇಳುವುದಿಲ್ಲ, ಕೇಳದ್ದಕ್ಕೆ ಸಮಯ ಸಿಗುವುದಿಲ್ಲ. ಎರಡು ವರ್ಷ ಹೀಗೆ ಬದುಕಿದವರಿಗೆ ಊಟ ತಪ್ಪಿಸುವುದು ನಿಷ್ಠೆಯ ಗುರುತಾಗಿ, ರಜೆ ಕೇಳುವುದು ನಾಚಿಕೆಯ ವಿಷಯವಾಗಿ ಕಾಣತೊಡಗುತ್ತದೆ. ಜ್ವರ ಬಂದು ಮಲಗಿದ ಗೆಳತಿಯ ಮೇಲೆ ನಮಗೇ ಸಿಟ್ಟು ಬರುತ್ತಿತ್ತು, ಅವಳ ಕೇಸುಗಳು ನಮ್ಮ ಪಾಲಿಗೆ ಬರುತ್ತಿದ್ದವಲ್ಲ! ಹಗಲೆಲ್ಲ ಮರುಕದ ಮಾತಾಡುತ್ತಿದ್ದ ನಾವು ಹಾಸ್ಟೆಲ್ಲಿನಲ್ಲಿ ಹೀಗಿದ್ದೆವು.

ಈಗ ‘ಬರ್ನ್‌ಔಟ್’ ಎಂಬ ಪದಕ್ಕೆ ಬರೋಣ. ಎಲ್ಲ ಕಾರ್ಯಾಗಾರಗಳೂ ಈ ಪದದಿಂದಲೇ ಶುರುವಾಗುತ್ತವೆ. ಅದರ ಚರಿತ್ರೆಯನ್ನು ಮಾತ್ರ ಯಾರೂ ಪೂರ್ತಿ ಹೇಳುವುದಿಲ್ಲ.

1974ರಲ್ಲಿ ಈ ಪದಕ್ಕೆ ವೈದ್ಯಕೀಯ ಬರಹದಲ್ಲಿ ಜಾಗ ಕೊಟ್ಟವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ. ಹಗಲು ಸ್ವಂತ ಕ್ಲಿನಿಕ್ಕು, ಸಂಜೆಯಿಂದ ಬಡವರ ಉಚಿತ ಚಿಕಿತ್ಸಾಲಯ. ಅಲ್ಲಿನ ಸ್ವಯಂಸೇವಕರು ತಿಂಗಳುಗಳಲ್ಲಿ ಸುಟ್ಟು ಬೂದಿಯಾದಂತೆ ಆಗುವುದನ್ನು ಅವರು ಕಂಡರು, ತಮ್ಮಲ್ಲೂ ಕಂಡರು. ಅಂದರೆ ಈ ಪದ ಹುಟ್ಟಿದ್ದೇ ಒಬ್ಬ ಮನಶ್ಶಾಸ್ತ್ರಜ್ಞ ತನ್ನ ದಣಿವನ್ನು ಬಚ್ಚಿಡದೆ ಬರೆದದ್ದರಿಂದ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆ ರೂಪುಗೊಂಡದ್ದೂ ಅದೇ 1974ರಲ್ಲಿ. ಅಂದರೆ ಈ ವೃತ್ತಿಯ ದಣಿವಿಗೆ ಒಂದು ಹೆಸರು ಸಿಕ್ಕಿ, ನಮ್ಮಲ್ಲಿ ಈ ವೃತ್ತಿಗೆ ಅದರ ದೊಡ್ಡ ಮನೆ ಕಟ್ಟಿದಷ್ಟೇ ಕಾಲವಾಗಿದೆ.

ಫ್ರಾಯ್ಡನ್‌ಬರ್ಗರ್ ನಂತರ ಕ್ರಿಸ್ಟಿನಾ ಮಾಸ್ಲಾಕ್ ಬಂದರು. ಬರ್ನ್‌ಔಟ್ ಅಳೆಯಲು ಜಗತ್ತು ಇವತ್ತಿಗೂ ಬಳಸುವ ಮಾಪನ 1981ರಲ್ಲಿ ಪ್ರಕಟವಾದ ಅವರದ್ದು. ಆಮೇಲೆ ಮೈಕೆಲ್ ಲೈಟರ್ ಜೊತೆ ಸೇರಿ ಅವರು ಬರೆದದ್ದು ನಮ್ಮ ವಾದಕ್ಕೆ ಮುಖ್ಯ. ಬರ್ನ್‌ಔಟಿನ ಬೇರನ್ನು ಅವರು ಹುಡುಕಿದ್ದು ಕೆಲಸದ ಜಾಗದಲ್ಲಿ. ಆರು ಕಡೆ ನೋಡಿ ಎಂದರು: ಕೆಲಸದ ಹೊರೆ, ಕೆಲಸದ ಮೇಲೆ ನಮಗಿರುವ ಹಿಡಿತ, ಪ್ರತಿಫಲ, ಜೊತೆಗಾರರ ಬಳಗ, ನ್ಯಾಯ, ಮೌಲ್ಯ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟನ್ನು ಕಾಯಿಲೆಯ ಪಟ್ಟಿಗೆ ಸೇರಿಸದೆ, ನಿಭಾಯಿಸಲಾಗದೆ ಉಳಿದುಹೋದ ಕೆಲಸದ ಒತ್ತಡದಿಂದ ಬರುವ ವೃತ್ತಿಯ ವಿದ್ಯಮಾನ ಎಂದು ವಿವರಿಸಿತು.

ಮಾಸ್ಲಾಕ್ ಹೆಸರನ್ನು ನಮ್ಮ ಕಾರ್ಯಾಗಾರದ ಎರಡನೇ ಸ್ಲೈಡಿನಲ್ಲೇ ಹಾಕಿದ್ದರು. ಮೂರನೇ ಸ್ಲೈಡು ಪ್ರಾಣಾಯಾಮ. ಹೊರೆ, ಹಿಡಿತ, ಪ್ರತಿಫಲ, ನ್ಯಾಯ ಎಲ್ಲವೂ ಎರಡನೇ ಸ್ಲೈಡಿಗೂ ಮೂರನೇ ಸ್ಲೈಡಿಗೂ ಮಧ್ಯೆ ಎಲ್ಲೋ ಕಳೆದುಹೋದವು. ಪ್ರಾಣಾಯಾಮದ ಬಗ್ಗೆ ನನಗೆ ಜಗಳವಿಲ್ಲ, ನಾನೂ ಮಾಡುತ್ತೇನೆ. ಆದರೆ ಒಬ್ಬಳ ಮೇಲೆ ಮೂರು ಜನರ ಕೆಲಸ ಹೊರಿಸಿ, ಆಮೇಲೆ ಉಸಿರು ಹೇಗೆ ಬಿಡಬೇಕೆಂದು ಹೇಳಿಕೊಡುವುದಕ್ಕೆ ಆರೈಕೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಆ ವಚನದ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬಸವಣ್ಣನವರು ಅದನ್ನು ಹೇಳುತ್ತಿರುವುದು ಲೋಕದ ಓರೆಕೋರೆ ತಿದ್ದಲು ಹೊರಟವರಿಗೆ. ಲೋಕದ ಮನಸ್ಸನ್ನು ನೇರ ಮಾಡುತ್ತೇವೆ ಎಂದು ಬೋರ್ಡು ಹಾಕಿಕೊಂಡಿರುವುದು ಎರಡನೇ ವರ್ಷದ ಟ್ರೈನಿಯಲ್ಲ, ಅವಳಿಗೆ ತರಬೇತಿ ಕೊಡುವ ಸಂಸ್ಥೆ. ಹಾಗಿದ್ದ ಮೇಲೆ ಆ ಪ್ರಶ್ನೆ ಮೊದಲು ಸಂಸ್ಥೆಯ ಕಡೆಗೆ ತಿರುಗಬೇಕು: ನಿಮ್ಮ ಮನೆಯೊಳಗೆ ಹೇಗಿದೆ? ನಮ್ಮ ಹಾಲಿನಲ್ಲಿ ಅದನ್ನು ಸೀಟಿನಲ್ಲಿ ಕೂತವರ ಕಡೆಗೆ ತಿರುಗಿಸಿದ್ದರು.

ಇನ್ನು ಭಯದ ಮಾತು. ‘ಕಷ್ಟವಿದ್ದರೆ ಹೇಳಿಕೊಳ್ಳಿ, ನಮ್ಮ ಬಾಗಿಲು ಸದಾ ತೆರೆದಿರುತ್ತದೆ’ ಎಂದು ಎಲ್ಲ ವಿಭಾಗಗಳಲ್ಲೂ ಹೇಳುತ್ತಾರೆ, ಬಹುಮಟ್ಟಿಗೆ ಪ್ರಾಮಾಣಿಕವಾಗಿಯೇ. ಆ ಬಾಗಿಲ ಹಿಂದೆ ಕೂತವರು ಯಾರು? ನನ್ನ ಕೇಸು ನೋಡುವವರು, ಇಂಟರ್ನಲ್ ಅಂಕ ಕೊಡುವವರು, ಪ್ರಬಂಧಕ್ಕೆ ಸಹಿ ಹಾಕುವವರು, ನಾಳೆ ಕೆಲಸಕ್ಕೋ ಪಿಎಚ್.ಡಿ.ಗೋ ಶಿಫಾರಸು ಪತ್ರ ಬರೆಯುವವರು, ಎಲ್ಲರೂ ಒಬ್ಬರೇ. ‘ಸರ್, ಮೂರು ವಾರದಿಂದ ನನಗೆ ನಿದ್ದೆ ಇಲ್ಲ, ರೋಗಿಗಳ ಮಾತು ಕೇಳಿಸಿಕೊಳ್ಳುವಾಗ ನನಗೇನೂ ಅನ್ನಿಸುತ್ತಿಲ್ಲ’ ಎಂದು ಅವರ ಮುಂದೆ ಹೇಳುವ ಟ್ರೈನಿ ತನ್ನ ಕಷ್ಟ ಹೇಳುತ್ತಿದ್ದಾಳೋ, ತನ್ನ ವಿರುದ್ಧ ಸಾಕ್ಷಿ ನುಡಿಯುತ್ತಿದ್ದಾಳೋ? ನಮ್ಮ ವೃತ್ತಿಯಲ್ಲಿ ಇನ್ನೊಂದು ವಿಶೇಷ ಅಪಾಯವಿದೆ. ಬೇರೆ ಕಡೆ ಹೇಳಿಕೊಂಡರೆ ‘ಪಾಪ, ಸುಸ್ತಾಗಿದ್ದಾಳೆ’ ಎನ್ನುತ್ತಾರೆ. ಇಲ್ಲಿ ಎದುರಿಗಿರುವವರು ರೋಗನಿರ್ಣಯ ಮಾಡಬಲ್ಲವರು. ‘ಆಕೆಗೆ ಪರ್ಸನಾಲಿಟಿ ಇಶ್ಯೂಸ್ ಇವೆ’ ಎಂಬ ಒಂದು ವಾಕ್ಯ ಸ್ಟಾಫ್ ರೂಮಿನಲ್ಲಿ ಹುಟ್ಟಿದರೆ ಅದನ್ನು ಅಳಿಸಲು ಯಾರಿಂದಲೂ ಆಗುವುದಿಲ್ಲ.

ಹೊರಗೆ ಹೋಗಿ ಥೆರಪಿ ತೆಗೆದುಕೊಳ್ಳಬಹುದಲ್ಲ ಎನ್ನಬಹುದು. ಒಂದು ಸೆಷನ್ನಿಗೆ ಸಾವಿರ, ಒಂದೂವರೆ ಸಾವಿರ. ಸಂಬಳವಿಲ್ಲದವರಿಗೆ ಅದು ಪಿಜಿಯ ಬಾಡಿಗೆಯಿಂದ ಕೀಳಬೇಕಾದ ದುಡ್ಡು. ದುಡ್ಡಿದ್ದರೂ, ನಾನಿದ್ದಂಥ ಊರುಗಳಲ್ಲಿ ಥೆರಪಿಸ್ಟ್ ಎಂದು ಬೋರ್ಡು ಹಾಕಿರುವವರು ನಾಲ್ಕೋ ಐದೋ ಜನ. ಒಬ್ಬರು ನಮ್ಮ ಸೀನಿಯರ್, ಇನ್ನೊಬ್ಬರು ನಮ್ಮ ಮೇಡಂನ ಸಹಪಾಠಿ, ಮತ್ತೊಬ್ಬರು ಎಕ್ಸಾಮಿನರ್ ಆಗಿ ಬರುವವರು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾದಾಗಿನಿಂದ ನಾವು ಎಷ್ಟೋ ರೋಗಿಗಳಿಗೆ 14416 ಎಂಬ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೇವೆ, ದಿನದ ಇಪ್ಪತ್ತನಾಲ್ಕು ಗಂಟೆಯೂ ಯಾರಾದರೂ ಮಾತಾಡುತ್ತಾರೆ ಎಂದು ಧೈರ್ಯ ಹೇಳಿದ್ದೇವೆ. ಅದು ಒಳ್ಳೆಯ ಸೇವೆ, ಇದನ್ನು ಓದುತ್ತಿರುವವರಲ್ಲಿ ಯಾರಿಗೆ ಬೇಕಿದ್ದರೂ ಕರೆ ಮಾಡಿ. ಆದರೆ ನಮ್ಮ ಬ್ಯಾಚಿನ ಒಬ್ಬಳು ಒಂದು ರಾತ್ರಿ ಆ ನಂಬರ್ ಒತ್ತಿ, ಆ ಕಡೆಯಿಂದ ‘ಹಲೋ’ ಬರುವ ಮೊದಲೇ ಕಟ್ ಮಾಡಿದಳು. ಗುರುತಿನವರ ದನಿ ಬಂದುಬಿಟ್ಟರೆ?

ಈ ಗಂಟನ್ನು ಬಿಡಿಸುವುದು ಹೇಗೆಂದು ಜಗತ್ತಿಗೆ ಗೊತ್ತಿಲ್ಲದೆ ಇಲ್ಲ. ಇನ್ನೊಬ್ಬರ ಮನಸ್ಸನ್ನು ಮುಟ್ಟುವವರ ಮನಸ್ಸೂ ಕಲಕುತ್ತದೆ ಎಂದು ಫ್ರಾಯ್ಡ್ 1910ರಲ್ಲೇ ಬರೆದಿದ್ದರು. ಮನೋವಿಶ್ಲೇಷಣೆ ಕಲಿಯುವವರು ಮೊದಲು ತಾವೇ ವಿಶ್ಲೇಷಣೆಗೆ ಒಳಗಾಗಬೇಕೆಂಬ ನಿಯಮ ಬಂದದ್ದು ಆ ಹಿನ್ನೆಲೆಯಲ್ಲಿ. ಆ ಪರಂಪರೆ ನಮ್ಮ ದೇಶಕ್ಕೂ ಬೇಗನೆ ಬಂತು. ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದ್ದು 1922ರಲ್ಲಿ. ಆದರೆ ಅವರೂ ಒಂದು ತಪ್ಪು ಮಾಡಿ ಕಲಿತರು. ವಿದೇಶದ ಅನೇಕ ತರಬೇತಿ ಕೇಂದ್ರಗಳಲ್ಲಿ, ವಿದ್ಯಾರ್ಥಿಯನ್ನು ವಿಶ್ಲೇಷಿಸುವ ಗುರುವೇ ಅವನ ಪ್ರಗತಿಯ ಬಗ್ಗೆ ಸಂಸ್ಥೆಗೆ ವರದಿ ಕೊಡುತ್ತಿದ್ದ. ಹಾಗಾದರೆ ವಿದ್ಯಾರ್ಥಿ ಮಂಚದ ಮೇಲೆ ಮಲಗಿ ನಿಜ ಹೇಳುತ್ತಾನೆಯೇ, ಪಾಸಾಗುವಂಥದ್ದನ್ನು ಹೇಳುತ್ತಾನೆಯೇ ಎಂಬ ಟೀಕೆ ಬಂತು. ಆಮೇಲೆ ಬಹಳ ಕಡೆ ಆ ವರದಿಯನ್ನೇ ಕೈಬಿಟ್ಟರು.

ಅಮೆರಿಕದ ಮನಶ್ಶಾಸ್ತ್ರ ಸಂಘದ 2002ರ ನೀತಿಸಂಹಿತೆ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ. ಕೋರ್ಸಿನ ಭಾಗವಾಗಿ ಥೆರಪಿ ಕಡ್ಡಾಯ ಮಾಡುವುದಾದರೆ, ಸಂಸ್ಥೆಗೆ ಸಂಬಂಧಪಡದವರ ಬಳಿ ಅದನ್ನು ಪಡೆಯುವ ಆಯ್ಕೆ ವಿದ್ಯಾರ್ಥಿಗೆ ಇರಬೇಕು; ಅಂಕ ಕೊಡುವ ಅಧ್ಯಾಪಕರು ತಾವೇ ಆ ಥೆರಪಿ ಕೊಡಕೂಡದು. ಅಮೆರಿಕದಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಕೇಳುವ ಕಿವಿಯೂ ಅಂಕ ಹಾಕುವ ಕೈಯೂ ಒಂದೇ ದೇಹದಲ್ಲಿ ಇರಬಾರದು ಎಂಬಷ್ಟು ಸರಳ ವಿವೇಕಕ್ಕೆ ನಾವು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ ಎನ್ನುತ್ತಿದ್ದೇನೆ.

ಇಲ್ಲಿ ಭಾಷೆಯ ಒಂದು ತೊಡಕೂ ಇದೆ. ಕನ್ನಡ ಓದುವ ನಿಮ್ಮೊಡನೆ ಹೇಳಿಕೊಳ್ಳದಿದ್ದರೆ ಇನ್ನು ಯಾರೊಡನೆ ಹೇಳಲಿ? ನಮ್ಮಲ್ಲಿ ಮನಶ್ಶಾಸ್ತ್ರಕ್ಕೆ ನೂರು ವರ್ಷದ ಇತಿಹಾಸವಿದೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಶುರುಮಾಡಿದರು. ಮುಂದೆ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಮಾಡಿ ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಾದದ್ದೂ ಅವರ ಪ್ರಯತ್ನದಿಂದಲೇ. ಹೀಗಿದ್ದೂ ನಮ್ಮ ತರಬೇತಿ ನಡೆಯುವುದು ಇಂಗ್ಲಿಷಿನಲ್ಲಿ, ರೋಗಿಗಳು ಬರುವುದು ಕನ್ನಡದಲ್ಲಿ. ‘ಎದೆ ಭಾರ ಆಗುತ್ತೆ’, ‘ಜೀವ ಬೇಜಾರಾಗೈತಿ’, ‘ಹೊಟ್ಟೇಲಿ ಸಂಕಟ’, ‘ಯಾವುದ್ರಲ್ಲೂ ಮನಸ್ಸಿಲ್ಲ’ ಎನ್ನುತ್ತಾರೆ. ಇವನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನ ಲಕ್ಷಣಗಳಾಗಿ ಫೈಲಿಗೆ ಇಳಿಸುವುದು ನಮ್ಮ ಕೆಲಸ. ದಿನಕ್ಕೆ ಹತ್ತು ಸಲ, ಎರಡು ವರ್ಷ.

ಆಮೇಲೆ ನನ್ನ ಎದೆ ಭಾರವಾದಾಗ ಏನಾಯಿತು ಗೊತ್ತೇ? ‘ಎದೆ ಭಾರ’ ಎಂಬ ಮಾತು ಬಾಯಿಗೆ ಬರುವ ಮುಂಚೆಯೇ ಅದರ ಪಕ್ಕ ಒಂದು ಕೋಡ್ ನಂಬರ್ ಬಂದು ಕೂತಿತು. ನನ್ನ ಅಜ್ಜಿ ಆಡುತ್ತಿದ್ದ ಮಾತುಗಳೆಲ್ಲ ರೋಗಿಗಳ ಸೊತ್ತಾಗಿದ್ದವು. ಇಂಗ್ಲಿಷಿನ ಪದಗಳಿದ್ದವು, ಆದರೆ ಅವು ಇನ್ನೊಬ್ಬರ ಬಗ್ಗೆ ಬರೆಯಲು ಕಲಿತವು, ಅವುಗಳಲ್ಲಿ ಅಳಲು ಬರುತ್ತಿರಲಿಲ್ಲ. ರಾತ್ರಿ ಅಮ್ಮ ಫೋನ್ ಮಾಡಿ “ಊಟ ಆಯ್ತೇನೇ? ದನಿ ಯಾಕೆ ಹಿಂಗಿದೆ?” ಎಂದರೆ “ನೆಗಡಿ ಅಮ್ಮ” ಎನ್ನುತ್ತಿದ್ದೆ. ತರಬೇತಿ ನನಗೆ ಇನ್ನೊಬ್ಬರ ಮಾತನ್ನು ಬಿಡಿಸಿ ಓದುವುದನ್ನು ಕಲಿಸಿತು, ಆ ಹೊತ್ತಿಗೆ ನನ್ನ ಮಾತು ನನ್ನ ಕೈಬಿಟ್ಟಿತ್ತು.

ನನ್ನ ವಾದಕ್ಕೆ ಬರುವ ಉತ್ತರಗಳು ನನಗೆ ಗೊತ್ತಿವೆ. ಮೊದಲನೆಯದು, ‘ಶಸ್ತ್ರವೈದ್ಯರು, ನರ್ಸುಗಳು, ಪೊಲೀಸರು ಯಾರಿಗಿಲ್ಲ ಕಷ್ಟ? ತಡೆಯಲಾಗದವರು ಈ ಕೆಲಸಕ್ಕೆ ಬರಬಾರದು.’ ಅವರಿಗೂ ಇದೆ, ಅವರಿಗೂ ಆರೈಕೆ ಸಿಗಬೇಕು. ಆದರೆ ನಮ್ಮ ಕೆಲಸದ ಉಪಕರಣ ನಮ್ಮ ಮನಸ್ಸೇ. ಚಾಕು ಮೊಂಡಾದರೆ ಆಪರೇಷನ್ ನಿಲ್ಲಿಸುತ್ತಾರೆ. ಮನಸ್ಸು ಮರಗಟ್ಟಿದ ಥೆರಪಿಸ್ಟ್ ಮಾತ್ರ ‘ಹ್ಞೂಂ, ಹೇಳಿ’ ಎನ್ನುತ್ತ ಕೂತಿರುತ್ತಾಳೆ, ಎದುರಿಗಿರುವವರಿಗೆ ತಮ್ಮ ಮಾತು ಎಲ್ಲಿಗೂ ತಲುಪುತ್ತಿಲ್ಲ ಎಂಬುದು ತಿಳಿಯುವುದೂ ಇಲ್ಲ. ಇದರ ನಷ್ಟ ನಮ್ಮದಷ್ಟೇ ಅಲ್ಲ.

ಎರಡನೆಯದು, ‘ದೇಶದಲ್ಲಿ ಮನಶ್ಶಾಸ್ತ್ರಜ್ಞರೇ ಇಲ್ಲ, ಇನ್ನು ನಿಮಗೆ ರಜೆ ಬೇರೆ ಕೊಡಬೇಕೇ?’ ಕೊರತೆ ನಿಜ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿತ್ತು. ಕಾಯಿಲೆಯಿದ್ದೂ ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92. ಇಷ್ಟು ಬರಗಾಲದಲ್ಲಿ ಬಿತ್ತನೆ ಬೀಜವನ್ನು ಜೋಪಾನ ಮಾಡಬೇಕೋ, ಹುರಿದು ತಿನ್ನಬೇಕೋ? ಕಳೆದ ತಿಂಗಳು ನನಗೆ ಪರಿಚಯದ ಒಬ್ಬ ಜೂನಿಯರ್ ಕೋರ್ಸಿನ ನಡುವೆ ಬಿಟ್ಟುಹೋದಳು. ಬಿಡುವ ಮುನ್ನ ಒಂದು ರಾತ್ರಿ ಹನ್ನೊಂದೂವರೆಗೆ “ಅಕ್ಕ, ಸ್ವಲ್ಪ ಮಾತಾಡಬೇಕಿತ್ತು” ಎಂದು ಮೆಸೇಜ್ ಮಾಡಿದ್ದಳು. ನಾನು ನೋಡಿದ್ದು ಬೆಳಿಗ್ಗೆ. ಆಸ್ಪತ್ರೆಯ ಕಾಗದದಲ್ಲಿ ಕಾರಣ ‘ಕೌಟುಂಬಿಕ’ ಎಂದಿದೆ. ಅವಳಿಗಾಗಿ ಕಾಯುತ್ತಿದ್ದ ರೋಗಿಗಳು ಈಗ ಉಳಿದವರ ಪಾಲಿಗೆ ಹಂಚಿಹೋಗಿದ್ದಾರೆ. ಆ ಉಳಿದವರಲ್ಲಿ ಮುಂದೆ ಬಿಡುವವರು ಯಾರೋ.

ಮೂರನೆಯ ಉತ್ತರಕ್ಕೆ ತೂಕವಿದೆ. ‘ತನ್ನ ಮನಸ್ಸೇ ಸ್ಥಿಮಿತದಲ್ಲಿಲ್ಲದ ಟ್ರೈನಿಯ ಕೈಗೆ ರೋಗಿಗಳನ್ನು ಹೇಗೆ ಒಪ್ಪಿಸುವುದು? ಅಧ್ಯಾಪಕರಿಗೆ ತಿಳಿಯಬೇಡವೇ?’ ತಿಳಿಯಬೇಕು. ನನ್ನ ಕೆಲಸ ಹದಗೆಟ್ಟರೆ ಅದನ್ನು ಹಿಡಿಯುವುದು, ತಡೆಯುವುದು ಅವರ ಹೊಣೆ. ಆದರೆ ಅವರು ಅಳೆಯಬೇಕಾದ್ದು ನನ್ನ ಕೆಲಸವನ್ನು. ಈಗಿನ ಪದ್ಧತಿಯಲ್ಲಿ ಅದೂ ತಿಳಿಯುತ್ತಿಲ್ಲ, ಯಾಕೆಂದರೆ ತೀರಾ ಕಷ್ಟದಲ್ಲಿರುವವರೇ ಎಲ್ಲರಿಗಿಂತ ಚೆನ್ನಾಗಿ ಬಚ್ಚಿಡುತ್ತಾರೆ. ಆ ಸುದ್ದಿ ಬಂದ ವಾರ ನಾನು ಮಾಡಿದ ಕೇಸ್ ಪ್ರೆಸೆಂಟೇಶನ್ನಿಗೆ ಎಲ್ಲರೂ ಹೊಗಳಿದರು. ‘ತುಂಬ ಕಂಪೋಸ್ಡ್ ಆಗಿದ್ರಿ’ ಎಂದರು.

ಹಾಗಾದರೆ ಏನು ಬೇಕು? ದೊಡ್ಡದೇನೂ ಅಲ್ಲ. ಪ್ರತಿ ಟ್ರೈನಿಗೆ ಎರಡು ವರ್ಷದಲ್ಲಿ ಇಂತಿಷ್ಟು ಗಂಟೆಯ ಥೆರಪಿ, ಸಂಸ್ಥೆಯ ಹೊರಗಿನವರಿಂದ, ಸಂಸ್ಥೆಯ ಖರ್ಚಿನಲ್ಲಿ ಸಿಗಲಿ. ಹೋಗಲೇಬೇಕೆಂಬ ಬಲವಂತ ಬೇಡ, ಒಳಗೆ ಏನು ಮಾತಾಡಿದರೆಂಬ ವರದಿ ಯಾರಿಗೂ ಹೋಗುವುದು ಬೇಡ. ಬೇರೆ ಊರಿನ ಥೆರಪಿಸ್ಟ್ ಆನ್‌ಲೈನಿನಲ್ಲಿ ಸಿಕ್ಕರೂ ಸಾಕು, ಗುರುತಿನವರ ಭಯ ತಪ್ಪುತ್ತದೆ. ವಾರಕ್ಕೊಂದು ಗಂಟೆಯಾದರೂ ಅಂಕ ಕೊಡದ ಒಬ್ಬ ಹಿರಿಯರ ಜೊತೆ ಸೂಪರ್‌ವಿಷನ್ ಇರಲಿ, ಕನ್ನಡದಲ್ಲಿ ಮಾತಾಡಲು ಬಿಡುವಂಥದ್ದು. ರೋಗಿಯೊಬ್ಬರು ತೀರಿಕೊಂಡಾಗ ಫೈಲು ತರಿಸಿಕೊಳ್ಳುವ ಮೊದಲು ಟ್ರೈನಿಯನ್ನು ಕೂರಿಸಿ ಮಾತಾಡಿಸುವುದು, ಆ ದಿನದ ಉಳಿದ ರೋಗಿಗಳನ್ನು ಬೇರೆಯವರಿಗೆ ಹಂಚುವುದು ಲಿಖಿತ ನಿಯಮವಾಗಲಿ. ಮಾಡುವ ಕೆಲಸಕ್ಕೆ ಸ್ಟೈಪೆಂಡ್ ಎಲ್ಲ ಕಡೆಯೂ ಬರಲಿ.

ಇವನ್ನು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎಂ.ಫಿಲ್. ಪದವಿಯನ್ನೇ ಯುಜಿಸಿ ಕೈಬಿಟ್ಟಿದೆ. ಕ್ಲಿನಿಕಲ್ ಸೈಕಾಲಜಿಗೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ 2025-26ನೇ ಸಾಲಿನವರೆಗೆ ವಿನಾಯಿತಿ ಕೊಟ್ಟಿತು. ಅದರ ಜಾಗಕ್ಕೆ ಬರುವ ಕೋರ್ಸುಗಳ ಪಠ್ಯಕ್ರಮದಲ್ಲಿ ಮತ್ತೆ ಎಲ್ಲದಕ್ಕೂ ಕಾಲಂ ಹಾಕುತ್ತಾರೆ. ಈ ಸಲ ಇನ್ನೊಂದು ಕಾಲಂ ಹೆಚ್ಚಾಗಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಪ್ರತಿಯೊಬ್ಬ ವ್ಯಕ್ತಿಗೂ ಮಾನಸಿಕ ಆರೋಗ್ಯ ಸೇವೆ ಪಡೆಯುವ ಹಕ್ಕಿದೆ ಎನ್ನುತ್ತದೆ. ನಮಗೆ ಪರೀಕ್ಷೆಗೂ ಬಂದಿತ್ತು ಆ ಪ್ರಶ್ನೆ, ಹತ್ತು ಅಂಕಕ್ಕೆ. ‘ಪ್ರತಿಯೊಬ್ಬ ವ್ಯಕ್ತಿ’ ಎಂಬುದರಲ್ಲಿ ಉತ್ತರ ಬರೆಯುತ್ತಿದ್ದ ನಾನೂ ಸೇರಿದ್ದೇನೆ ಎಂದು ಅವತ್ತು ಹೊಳೆಯಲಿಲ್ಲ.

ನಾನೀಗ ಪಿಎಚ್.ಡಿ. ವಿದ್ಯಾರ್ಥಿ. ಇನ್ನೈದು ವರ್ಷಕ್ಕೆ ನಾನೂ ಯಾವುದೋ ವಿಭಾಗದಲ್ಲಿ ಮೇಜಿನ ಆ ಕಡೆ ಕೂತಿರಬಹುದು. ಒಂದು ಬೆಳಿಗ್ಗೆ ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, ತನ್ನ ರೋಗಿ ಹೋದ ಸುದ್ದಿ ಹೇಳಬಹುದು. ನನ್ನ ಬಾಯಿಂದ ಮೊದಲು ಯಾವ ಮಾತು ಬರುತ್ತದೆ ಎಂಬ ಹೆದರಿಕೆ ನನಗಿದೆ. ನನಗೆ ಕಲಿಸಿರುವುದು ಫೈಲಿನ ಪ್ರಶ್ನೆಯನ್ನು. ಅದು ನಾಲಿಗೆಯ ತುದಿಯಲ್ಲೇ ಇದೆ.

ಆ ದಿನ ಆಯಾ ನನಗೆ ಕೊಟ್ಟದ್ದು ಅವರ ಅಧಿಕಾರದಲ್ಲಿ ಇಲ್ಲದ್ದು. ಸಾಲಿನಲ್ಲಿದ್ದವರು ಗಲಾಟೆ ಮಾಡಿದ್ದರೆ ಬೈಸಿಕೊಳ್ಳಬೇಕಾದವರು ಅವರೇ. ಆ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು, ಮನಶ್ಶಾಸ್ತ್ರದ ಒಂದು ಪುಟವನ್ನೂ ಓದದವರು. ಅವರು ನನಗೆ ಸಲಹೆ ಕೊಡಲಿಲ್ಲ, ಬಾಗಿಲು ಹಿಡಿದು ನಿಂತು ಹತ್ತು ನಿಮಿಷ ಕೊಟ್ಟರು. ಮುಂದೆ ಬರುವವರಿಗೆ ಆ ಹತ್ತು ನಿಮಿಷ ಯಾರದ್ದೋ ದಯೆಯಿಂದ ಸಿಗುವಂತಾಗಬಾರದು, ವೇಳಾಪಟ್ಟಿಯಲ್ಲಿ ಅಚ್ಚಾಗಿರಬೇಕು.